ದುಡಿಮೆಯೊಡನೆ ಪದವಿ: ಉದ್ದಿಮೆದಾರರ ಹೊಣೆ

ಪಿ.ಯು.ಸಿ. ಮುಗಿಸಿದ ಅನೇಕರು ಕಾಲೇಜು ಸೇರದಿರಲು ಶುಲ್ಕವೊಂದೇ ಕಾರಣವಲ್ಲ. ಓದುವ ಮೂರು ವರ್ಷಗಳಲ್ಲಿ ಮನೆಗೆ ಬರಬೇಕಾದ ಸಂಪಾದನೆ ತಪ್ಪಿಹೋಗುವುದು ಬಡ ಕುಟುಂಬಕ್ಕೆ ಅದಕ್ಕಿಂತಲೂ ದೊಡ್ಡ ಹೊರೆ. ಶುಲ್ಕದಲ್ಲಿ ವಿನಾಯಿತಿಯನ್ನು ಸರ್ಕಾರ ಕೊಡಬಹುದು. ಓದಿನ ಜೊತೆಗೆ ಸಂಪಾದನೆಯನ್ನೂ ಕೊಡಬಲ್ಲವರು ಉದ್ದಿಮೆದಾರರು. ಆದುದರಿಂದ ವಿಶ್ವವಿದ್ಯಾಲಯ ಮತ್ತು ಉದ್ದಿಮೆಗಳ ಸಹಭಾಗಿತ್ವವು ನಮ್ಮ ಸದಸ್ಯರೆಲ್ಲರೂ ಪರಿಶೀಲಿಸಬೇಕಾದ ವಿಷಯ.

ನಡೆದು ಬಂದ ದಾರಿ

ಲೆಕ್ಕಪರಿಶೋಧಕ ವೃತ್ತಿಗೆ ಈ ಕ್ರಮ ಹೊಸದಲ್ಲ. ಆರ್ಟಿಕಲ್‌ಷಿಪ್ ಅವಧಿಯಲ್ಲಿ ಶಿಷ್ಯವೇತನ ಪಡೆಯುತ್ತಲೇ ನಾವು ಪರೀಕ್ಷೆಗೆ ಓದಿದವರು. ಪಿಲಾನಿಯ ಬಿಟ್ಸ್ ಸಂಸ್ಥೆಯು ಉದ್ಯೋಗಸ್ಥರಿಗಾಗಿ 1979ರಲ್ಲಿಯೇ ಪದವಿ ಕಾರ್ಯಕ್ರಮ ಆರಂಭಿಸಿತು. 1995ರಲ್ಲಿ ಬೆಂಗಳೂರಿನ ವಿಪ್ರೊ ಅದರೊಡನೆ ಕೈಜೋಡಿಸಿ, ವಿಜ್ಞಾನ ಪದವೀಧರರು ದುಡಿಯುತ್ತಲೇ ಸಾಫ್ಟ್‌ವೇರ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ವ್ಯವಸ್ಥೆ ಮಾಡಿತು. ಇಂಜಿನಿಯರಿಂಗ್ ಶಿಕ್ಷಣದ ವೆಚ್ಚ ಭರಿಸಲಾಗದವರಿಗೂ ತಂತ್ರಜ್ಞಾನದ ಬಾಗಿಲು ಇದರಿಂದ ತೆರೆಯಿತು.

ಶಿಶಿಕ್ಷು (ಅಪ್ರೆಂಟಿಸ್) ತರಬೇತಿಯನ್ನು ಪದವಿಯ ಭಾಗವಾಗಿಸುವ ಮಾರ್ಗಸೂಚಿಯನ್ನು ಯು.ಜಿ.ಸಿ. 2020ರಲ್ಲಿ ಹೊರಡಿಸಿತು. ತರಬೇತಿಗೂ ಕ್ರೆಡಿಟ್ ದೊರೆಯುವುದೇ ಇದರ ವಿಶೇಷ. ಕರ್ನಾಟಕದ ಆಯ್ದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2024-25ನೇ ಸಾಲಿನಲ್ಲಿ ಇಂತಹ ಪದವಿಗಳು ಆರಂಭವಾದವು.

ಸಣ್ಣ ಘಟಕದ ಲೆಕ್ಕ

ಇದು ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯವೆಂಬ ಭಾವನೆ ಸರಿಯಲ್ಲ. 1961ರ ಶಿಶಿಕ್ಷು ಕಾಯಿದೆಯ ನಿಯಮಗಳಿಗೆ 2019ರಲ್ಲಾದ ತಿದ್ದುಪಡಿಯಂತೆ, ಗುತ್ತಿಗೆ ಸಿಬ್ಬಂದಿಯೂ ಸೇರಿ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಯು ಶೇಕಡಾ 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿದ್ದರೆ ಅದು ಐಚ್ಛಿಕ. ಅಂದರೆ 40 ಜನರ ಘಟಕದಲ್ಲಿ ಕನಿಷ್ಠ ಒಬ್ಬರು, ಗರಿಷ್ಠ ಆರು ಮಂದಿ. ಅದೇ 2019ರ ನಿಯಮಗಳು ಪದವೀಧರ ಶಿಶಿಕ್ಷುವಿಗೆ ತಿಂಗಳಿಗೆ ಕನಿಷ್ಠ 9,000 ರೂ. ಶಿಷ್ಯವೇತನ ನಿಗದಿಪಡಿಸಿದವು, ವಿದ್ಯಾರ್ಹತೆಗೆ ಅನುಗುಣವಾಗಿ ದರ ಬೇರೆಯಾಗುತ್ತದೆ. ಕೇಂದ್ರದ ಯೋಜನೆಗಳಲ್ಲಿ ಇದರ ಒಂದು ಭಾಗವನ್ನು ಸರ್ಕಾರವೇ ಭರಿಸುತ್ತದೆ. ಒಪ್ಪಂದಕ್ಕೆ ಮುನ್ನ ಚಾಲ್ತಿಯಲ್ಲಿರುವ ದರವನ್ನು ಖಚಿತಪಡಿಸಿಕೊಳ್ಳುವುದು ಒಳಿತು.

ಎಚ್ಚರ ವಹಿಸಬೇಕಾದ ಅಂಶ

ಕಾಯಿದೆಯ 18ನೇ ಕಲಮಿನ ಪ್ರಕಾರ ಶಿಶಿಕ್ಷು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಇದನ್ನೇ ನೆಪ ಮಾಡಿಕೊಂಡು ವಿದ್ಯಾರ್ಥಿಯನ್ನು ಅಗ್ಗದ ಕೂಲಿಯಾಗಿ ದುಡಿಸಿಕೊಳ್ಳುವ ಆಸೆ ಹುಟ್ಟಬಹುದು. ವರ್ಷವಿಡೀ ಪ್ಯಾಕಿಂಗ್ ವಿಭಾಗದಲ್ಲೇ ನಿಂತವನ ಪದವಿ ಟೊಳ್ಳು; ಘಟಕಕ್ಕೂ ನುರಿತ ಕೈ ದೊರೆಯದು. ಆದುದರಿಂದ ಒಪ್ಪಂದದಲ್ಲಿ ಏನನ್ನು ಯಾವಾಗ ಕಲಿಸಲಾಗುವುದು, ಕಲಿಸುವ ಹೊಣೆ ಯಾರದು, ತರಗತಿ ಮತ್ತು ಪರೀಕ್ಷೆಗಳಿಗೆ ಎಷ್ಟು ರಜೆ ಎಂಬುದು ಸ್ಪಷ್ಟವಾಗಿರಲಿ.

ಒಂದೇ ಘಟಕ ಎಲ್ಲವನ್ನೂ ಕಲಿಸಲಾರದು. ಕೈಗಾರಿಕಾ ವಸಾಹತಿನ ನಾಲ್ಕಾರು ಘಟಕಗಳು ಒಟ್ಟಾಗಿ ಸಮೀಪದ ಕಾಲೇಜನ್ನು ಸಂಪರ್ಕಿಸಿದರೆ, ಒಂದರಲ್ಲಿ ಉತ್ಪಾದನೆ, ಇನ್ನೊಂದರಲ್ಲಿ ಉಗ್ರಾಣ, ಮತ್ತೊಂದರಲ್ಲಿ ಲೆಕ್ಕಪತ್ರ ಕಲಿಸಬಹುದು. ಮಾದರಿ ಒಪ್ಪಂದವೊಂದನ್ನು ಸಿದ್ಧಪಡಿಸಿ ಕಾಲೇಜುಗಳೊಡನೆ ಮಾತುಕತೆ ನಡೆಸುವ ಕಾರ್ಯವನ್ನು ವಾಣಿಜ್ಯ ಸಂಸ್ಥೆಗಳು ವಹಿಸಿಕೊಳ್ಳಬೇಕು. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಆರಂಭವಾಗುವ ಮುನ್ನವೇ ಈ ಕೆಲಸ ನಡೆಯಲಿ.