ಬೆಕ್ಕಿಗೆ ಮೇಲಿಂದ ಮೇಲೆ ಮತ್ತಿನ ಸೂಜಿ: ತಕ್ಕಡಿ ಇದ್ದೂ ತೂಗಲಿಲ್ಲ!

ದಾವಣಗೆರೆ: ಎಸ್.ಎಸ್. ಬಡಾವಣೆಯ ಕಿರಾಣಿ ಅಂಗಡಿಯೊಂದರಲ್ಲಿ ಅಕ್ಕಿ ಮೂಟೆ ಕಾಯುವ ಕೆಲಸ ಒಂದು ಹೆಣ್ಣು ಬೆಕ್ಕಿನದು. ಸಂಬಳ ದಿನಕ್ಕೊಂದು ಬಟ್ಟಲು ಹಾಲು. ಬೈಕಿಗೆ ಸಿಕ್ಕಿ ಅದರ ಹಿಂಗಾಲಿನ ಚರ್ಮ ಕಿತ್ತುಬಂತು. ಅಲ್ಲಿಂದ ಶುರುವಾಯಿತು ಸೂಜಿಯ ಪುರಾಣ.

ಗಾಯ ತೊಳೆಯಲು ಹೋದರೆ ಬೆಕ್ಕು ಸುಮ್ಮನಿರುವ ಜಾತಿಯೇ? ಪರಚಿತು, ಕಚ್ಚಿತು. ಹೀಗಾಗಿ ಪಟ್ಟಿ ಬದಲಿಸುವಾಗಲೆಲ್ಲ ಮತ್ತಿನ ಇಂಜೆಕ್ಷನ್. ಎರಡು ವಾರದಲ್ಲಿ ನಾಲ್ಕು ಸಲ, ಅದೂ ಎರಡು ಸಲ ಒಬ್ಬ ಡಾಕ್ಟರ ಹತ್ತಿರ, ಎರಡು ಸಲ ಇನ್ನೊಬ್ಬರ ಹತ್ತಿರ. ಮೊದಲ ಸಲ ಸಂಜೆಗೇ ಎದ್ದು ಓಡಾಡಿದ್ದ ಬೆಕ್ಕು ನಾಲ್ಕನೇ ಸಲ ಮಾರನೇ ದಿನವೂ ತೂರಾಡುತ್ತಿತ್ತು. "ಕಣ್ಣು ಬಿಟ್ಕೊಂಡೇ ಬಿದ್ದಿತ್ರೀ, ಹೋಯ್ತು ಅಂದ್ಕೊಂಡ್ವಿ" ಎನ್ನುತ್ತಾರೆ ಯಜಮಾನರು. ಮನೆಯವರು ಕರುಳು ಚುರುಕ್ ಎಂದು ಬಾಯಿಗೆ ಹಾಲು ಬಿಡಲು ಹೋಗಿದ್ದರಂತೆ. ಪುಣ್ಯಕ್ಕೆ ಪಕ್ಕದ ಮನೆಯವರು ತಡೆದರು. ಅರೆಮಂಪರಿನಲ್ಲಿ ಕುಡಿಸಿದ ಹಾಲು ಶ್ವಾಸಕೋಶಕ್ಕೆ ಇಳಿದರೆ ಕಥೆ ಮುಗಿಯಿತು.

ಕಣ್ಣು ತೆರೆದಿರುವುದು ಕೆಟಮಿನ್ ಮದ್ದಿನ ಗುಣ. ಮುಲಾಮು ಹಚ್ಚದಿದ್ದರೆ ಕಣ್ಣು ಒಣಗಿ ಹುಣ್ಣಾಗುತ್ತದೆ. ಇದರ ಜೊತೆ ಸ್ನಾಯು ಸಡಿಲಿಸಲು ಝೈಲಜೀನ್ ಸೇರಿಸುವುದುಂಟು. ಝೈಲಜೀನ್ ಎದೆಬಡಿತ ಇಳಿಸುತ್ತದೆ, ಬೆಕ್ಕಿಗೆ ವಾಂತಿಯನ್ನೂ ತರಿಸುತ್ತದೆ. ಅದನ್ನು ಇಳಿಸಲು ಯೋಹಿಂಬಿನ್ ಎಂಬ ಪ್ರತಿಮದ್ದು ಇದೆ. ಕೆಟಮಿನ್‌ಗೆ ಅಂಥದ್ದಿಲ್ಲ, ಮೈಯೇ ಹೊರಹಾಕಬೇಕು. ಬೆಕ್ಕಿನಲ್ಲಿ ಅದು ಬಹುಪಾಲು ಮೂತ್ರದಲ್ಲೇ ಹೋಗುವುದರಿಂದ, ಕಿಡ್ನಿ ಸೋತಿದ್ದರೆ, ನೀರು ಕುಡಿಯದೆ ಒಣಗಿದ್ದರೆ, ಮತ್ತು ಇಳಿಯುವುದು ತಡ. ಮೈ ತಣ್ಣಗಾದರೂ ಅಷ್ಟೇ. ಬರಿ ನೆಲದ ಮೇಲೆ ಮಲಗಿಸುವುದು ಅದಕ್ಕೇ ತಪ್ಪು.

ಬೇರೆ ಮದ್ದು ಹಾಕಿಸಿದರಾಯಿತು ಎನ್ನುವವರೂ ಇದ್ದಾರೆ. ಹಾಲಿನ ಬಣ್ಣದ ಪ್ರೊಪೊಫಾಲ್ ಬೇಗ ಇಳಿಯುವಂಥದ್ದೇ. ಆದರೆ ದಿನವೂ ಬಿಡದೆ ಕೊಟ್ಟಾಗ ಬೆಕ್ಕಿನ ಕೆಂಪು ರಕ್ತಕಣಗಳಿಗೆ ಪೆಟ್ಟಾಗಿ, ಏಳುವುದೂ ನಿಧಾನವಾದದ್ದು 1995ರ ಒಂದು ಪ್ರಯೋಗದಲ್ಲಿ ಕಂಡಿತು. ಕೆಲವು ಮದ್ದುಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಕಡಿಮೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಅದಕ್ಕೆ ವಿಷವಾಗುವುದೂ ಇದರಿಂದಲೇ.

ಐದನೇ ಸಲ ಹೋದದ್ದು ಮೂರನೆಯ ಡಾಕ್ಟರ ಹತ್ತಿರ. ಅವರು ಕೇಳಿದ ಮೊದಲ ಮಾತು: "ತೂಕ ಎಷ್ಟು?" ಯಜಮಾನರು ಪೆಚ್ಚಾದರು. ಸಕ್ಕರೆಯನ್ನು ಗ್ರಾಂ ಲೆಕ್ಕದಲ್ಲಿ ತೂಗುವ ಅಂಗಡಿ, ಬೆಕ್ಕನ್ನು ತಕ್ಕಡಿ ಹತ್ತಿಸಿದವರೇ ಇಲ್ಲ! ಮೇವು ಬಿಟ್ಟು ಸೊರಗಿದ ಬೆಕ್ಕಿಗೆ ಹಳೆಯ ಅಂದಾಜಿನಲ್ಲೇ ಮದ್ದು ಹೋಗಿತ್ತು. ಹಿಂದೆ ಯಾವ ಮದ್ದು, ಎಷ್ಟು, ಎಂದು ಎಂಬ ಚೀಟಿಯೂ ಇರಲಿಲ್ಲ.

ಆ ದಿನ ಸೂಜಿ ಬೀಳಲಿಲ್ಲ. ಮನೆಯಿಂದ ಹೊರಡುವ ಎರಡು ತಾಸು ಮೊದಲೇ ಬಾಯಿಗೆ ಗ್ಯಾಬಪೆಂಟಿನ್ ಹಾಕಿಸಿ, ದಪ್ಪ ಟವೆಲ್ಲಿನಲ್ಲಿ ಸುತ್ತಿ, ಕಾಲೊಂದನ್ನೇ ಹೊರಗೆ ಬಿಟ್ಟು ಪಟ್ಟಿ ಕಟ್ಟಿದರು. ಮತ್ತೆ ಹೊಲಿಗೆ ಬೇಕಾದರೆ ಎಲ್ಲ ಕೆಲಸ ಒಂದೇ ಮತ್ತಿನಲ್ಲಿ ಮುಗಿಸೋಣ ಎಂದರಂತೆ.

ಬೆಕ್ಕು ಈಗ ಕುಂಟುತ್ತಾ ಮೂಟೆ ಏರಿದೆ. ಸೋಮವಾರಕ್ಕೊಮ್ಮೆ ತಕ್ಕಡಿಯನ್ನೂ ಏರುತ್ತದೆ. ತೂಕ, ಮದ್ದಿನ ಹೆಸರು, ತಾರೀಖು ಎಲ್ಲವೂ ಉದ್ರಿ ಪುಸ್ತಕದ ಕೊನೇ ಹಾಳೆಯಲ್ಲಿವೆ.