ಮಾಸಾಶನ ತಪ್ಪಿದರೆ ಮಾತ್ರೆಯೂ ತಪ್ಪುತ್ತದೆ

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೀಲುನೋವು, ಉಬ್ಬಸ ಇವೆಲ್ಲ ವಯಸ್ಸಾದವರ ನಿತ್ಯದ ಸಂಗಾತಿಗಳು. ಏನು ತಿನ್ನಬೇಕು, ಏನು ಬಿಡಬೇಕು, ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದನ್ನೆಲ್ಲ ವೈದ್ಯರು ಚೀಟಿಯಲ್ಲಿ ಬರೆದುಕೊಡುತ್ತಾರೆ. ಆದರೆ ಆ ಮಾತ್ರೆ ಕೊಳ್ಳುವ ಹಣ ಎಲ್ಲಿಂದ ಬರುತ್ತದೆ, ಆ ಹಣ ಕಡಿಮೆಯಾದರೆ ಅಥವಾ ನಿಂತರೆ ದೇಹಕ್ಕೆ ಏನಾಗುತ್ತದೆ ಎಂಬುದು ಯಾವ ಚೀಟಿಯಲ್ಲೂ ಇರುವುದಿಲ್ಲ. ಈ ವಾರ ಅದನ್ನೇ ನೋಡೋಣ.

ಗಂಡಸಿ ಹೋಬಳಿಯ ಹಳ್ಳಿಗಳನ್ನೇ ತೆಗೆದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿದ್ದಾರೆ. ಊರಿನಲ್ಲಿ ಉಳಿದವರು ಅಜ್ಜ, ಅಜ್ಜಿ. ತೋಟ ಇದ್ದವರಿಗೆ ಕೊಬ್ಬರಿಯ ಕಾಸು ಸ್ವಲ್ಪ ಬರುತ್ತದೆ. ತೋಟವಿಲ್ಲದವರಿಗೆ, ಕೂಲಿಗೆ ಹೋಗುವ ಶಕ್ತಿ ಕಳೆದುಕೊಂಡವರಿಗೆ, ಸ್ವಂತದ್ದೆಂದು ಕೈಗೆ ಬರುವ ಹಣ ಸರ್ಕಾರದ ಮಾಸಾಶನ ಒಂದೇ. ಮಗ ಸೊಸೆಯ ಮುಂದೆ ಕೈಯೊಡ್ಡದೆ ಮಾತ್ರೆ ಕೊಳ್ಳಲು, ಬಸ್ಸು ಹತ್ತಿ ಆಸ್ಪತ್ರೆಗೆ ಬರಲು ಅದೇ ಆಧಾರ.

ಕಾಣದ ಕಡಿತ

ಬಜೆಟ್ಟಿನಲ್ಲಿ ಕಡಿತ ಎಂದರೆ ಕೊಡುತ್ತಿದ್ದುದನ್ನು ಕಡಿಮೆ ಮಾಡುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಇನ್ನೊಂದು ಬಗೆಯ ಕಡಿತವೂ ಉಂಟು. ಕೊಡುವ ಮೊತ್ತವನ್ನು ಮುಟ್ಟದೆ ಹಾಗೆಯೇ ಬಿಟ್ಟುಬಿಡುವುದು. ಬೆಲೆಗಳು ಏರುತ್ತಾ ಹೋದಂತೆ ಆ ಹಣ ತಾನಾಗಿಯೇ ಸವೆಯುತ್ತದೆ.

ಕೇಂದ್ರ ಸರ್ಕಾರದ ವೃದ್ಧಾಪ್ಯ ವೇತನ ಆರಂಭವಾದದ್ದು 1995ರ ಆಗಸ್ಟ್ 15ರಂದು. ಆಗ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. ಮುಂದೆ ಅದು 200 ರೂಪಾಯಿ ಆಯಿತು. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರು ಬಂತು. 2011ರಲ್ಲಿ ಅರ್ಹತೆಯ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿ, 80 ದಾಟಿದವರಿಗೆ 500 ರೂಪಾಯಿ ಎಂದು ಗೊತ್ತುಮಾಡಿದರು. 80ರೊಳಗಿನವರಿಗೆ ಕೇಂದ್ರದ ಪಾಲು ಅದಾದ ಬಹಳ ವರ್ಷ 200 ರೂಪಾಯಿಯಲ್ಲೇ ನಿಂತಿತು. ದಿನಕ್ಕೆ ಏಳು ರೂಪಾಯಿಯೂ ಬೀಳಲಿಲ್ಲ. ಈ ಮಾಸಾಶನಗಳೆಲ್ಲ ಸೇರಿದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ 2022-23ರ ಕೇಂದ್ರ ಬಜೆಟ್ಟಿನಲ್ಲಿ ಇಟ್ಟದ್ದು 9,652 ಕೋಟಿ ರೂಪಾಯಿ; 2025-26ರಲ್ಲಿ ಇಟ್ಟದ್ದೂ ಅಷ್ಟೇ.

ನಮ್ಮ ರಾಜ್ಯ ತನ್ನ ಬೊಕ್ಕಸದಿಂದ ಹೆಚ್ಚಿನ ಪಾಲು ಸೇರಿಸುವುದರಿಂದ ಇಲ್ಲಿಯ ಸ್ಥಿತಿ ಅಷ್ಟು ಕೆಟ್ಟಿಲ್ಲ. 65 ದಾಟಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು ಮೊದಲಾದವರಿಗಾಗಿ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂತು. 2021ರಲ್ಲಿ ಅದನ್ನು 1,000 ರೂಪಾಯಿಯಿಂದ 1,200ಕ್ಕೂ, ವಿಧವಾ ವೇತನವನ್ನು 600ರಿಂದ 800ಕ್ಕೂ ಏರಿಸಲಾಯಿತು. 1,200 ಎಂದರೆ ದಿನಕ್ಕೆ 40 ರೂಪಾಯಿ. ಬೇಳೆ, ಎಣ್ಣೆ, ಹಾಲು, ಮಾತ್ರೆ, ಬಸ್ಸಿನ ಚಾರ್ಜು ಎಲ್ಲವೂ ಅದರಲ್ಲೇ. ಎರಡು ತಿಂಗಳು ಹಣ ಬಾರದಿದ್ದರೆ ಮೊದಲು ಬಿಡುವುದು ಯಾವುದನ್ನು? ನೋವು ಕೊಡದ ಕಾಯಿಲೆಯ ಮಾತ್ರೆಯನ್ನು.

ದೇಹ ಲೆಕ್ಕ ಇಡುತ್ತದೆ

ರಕ್ತದೊತ್ತಡಕ್ಕೆ ನೋವಿಲ್ಲ. ಮಾತ್ರೆ ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಅದರಿಂದಲೇ ಮೋಸ. ಒಬ್ಬ ಅಜ್ಜಿಯನ್ನು "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ ಅಜ್ಜಿ?" ಎಂದು ಕೇಳಿದೆ. "ತಗೊಳ್ತೀನಿ ಡಾಕ್ಟ್ರೇ, ದಿನ ಬಿಟ್ಟು ದಿನ. ಹಂಗಾದ್ರೆ ಒಂದು ತಿಂಗಳ ಮಾತ್ರೆ ಎರಡು ತಿಂಗಳು ಬರ್ತದೆ" ಎಂದರು. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ರಕ್ತದೊತ್ತಡದ ಬಹುಪಾಲು ಮಾತ್ರೆಗಳ ಕೆಲಸ ಸುಮಾರು ಒಂದು ದಿನದ್ದು. ಮಾತ್ರೆಯಿಲ್ಲದ ದಿನ ಒತ್ತಡ ಮತ್ತೆ ಏರುತ್ತದೆ. ಹೀಗೆ ಏರಿ ಇಳಿದು ರಕ್ತನಾಳಗಳು ಸೋಲುತ್ತವೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂತಹ ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಎದೆಬಡಿತ ಹೆಚ್ಚಿ, ಹೃದ್ರೋಗ ಇರುವವರಿಗೆ ಎದೆನೋವು ಬರಬಹುದು. ಕೊನೆಗೆ ಲಕ್ವ ಹೊಡೆದಾಗ ತಿಂಗಳುಗಟ್ಟಲೆ ಉಳಿಸಿದ ಹಣ ಒಂದೇ ದಿನಕ್ಕೆ ಸಾಲದು.

ಸಕ್ಕರೆ ಕಾಯಿಲೆಯವರಲ್ಲಿ ಅಪಾಯ ಎರಡೂ ಕಡೆಯಿಂದ ಬರುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ಬಿಟ್ಟರೆ ಸಕ್ಕರೆ ಏರಿ ಕಾಲಿನ ಗಾಯ ಮಾಯುವುದಿಲ್ಲ, ಮೂತ್ರಪಿಂಡ ಕೆಡುತ್ತದೆ. ಮಾತ್ರೆ ತೆಗೆದುಕೊಂಡು ಊಟ ಕಡಿಮೆ ಮಾಡಿದರೆ ಸಕ್ಕರೆ ಥಟ್ಟನೆ ಇಳಿಯುತ್ತದೆ. ಬೆವರು, ನಡುಕ, ಕಣ್ಣು ಕತ್ತಲೆ, ಅಸಂಬದ್ಧ ಮಾತು ಇದರ ಲಕ್ಷಣಗಳು. ಮನೆಯವರು ಇದನ್ನು ಅರಳುಮರಳು ಎಂದುಕೊಳ್ಳುವುದುಂಟು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಮೂರನೆಯದು ಊಟ. ಕೈಯಲ್ಲಿ ಕಾಸಿಲ್ಲದಾಗ ಮುದ್ದೆ ಉಳಿಯುತ್ತದೆ, ಕಾಳು, ಮೊಟ್ಟೆ, ಹಾಲು ಹೋಗುತ್ತದೆ. ಹೊಟ್ಟೆ ತುಂಬುತ್ತದೆ, ಆದರೆ ಸ್ನಾಯು ಕರಗುತ್ತದೆ. ಸ್ನಾಯು ಕರಗಿದವರು ಬಚ್ಚಲಲ್ಲಿ ಜಾರಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ, ಹಾಸಿಗೆ ಹಿಡಿಯುತ್ತಾರೆ. ಆರು ತಿಂಗಳಲ್ಲಿ ದೇಹದ ತೂಕ ಶೇಕಡಾ 5ಕ್ಕಿಂತ ಹೆಚ್ಚು ಇಳಿದರೆ, ಅಂದರೆ 50 ಕಿಲೊ ಇದ್ದವರು ಎರಡೂವರೆ ಕಿಲೊಗಿಂತ ಹೆಚ್ಚು ಇಳಿದರೆ, "ವಯಸ್ಸಾಯಿತು" ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ಬೇರೆ ಕಡೆ ಕಂಡದ್ದು

ಇಂಗ್ಲೆಂಡಿನಲ್ಲಿ ವೃದ್ಧರ ಮನೆ ಆರೈಕೆ ಸ್ಥಳೀಯ ಸಂಸ್ಥೆಗಳ ಹೊಣೆ. ಸ್ನಾನ ಮಾಡಿಸಲು, ಊಟ ಕೊಡಲು ಆಳನ್ನು ಕಳುಹಿಸುವುದು ಅವುಗಳ ಕೆಲಸ. 2010ರ ನಂತರ ಸರ್ಕಾರ ಈ ಸಂಸ್ಥೆಗಳ ಅನುದಾನವನ್ನು ಬಹಳ ಕಡಿತಗೊಳಿಸಿತು. ಆರೈಕೆ ಪಡೆಯುವ ವೃದ್ಧರ ಸಂಖ್ಯೆ ಇಳಿಯಿತು. ಅದರ ಬಿಸಿ ಆಸ್ಪತ್ರೆಗಳಿಗೂ ತಟ್ಟಿತು. ಕಾಯಿಲೆ ವಾಸಿಯಾದರೂ ಮನೆಯಲ್ಲಿ ನೋಡಿಕೊಳ್ಳುವ ವ್ಯವಸ್ಥೆ ಇಲ್ಲವೆಂದು ಎಷ್ಟೋ ವೃದ್ಧರು ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿಯಬೇಕಾಯಿತು. ಮನೆ ಆರೈಕೆಯಲ್ಲಿ ಉಳಿಸಿದ ಹಣ ಆಸ್ಪತ್ರೆಯಲ್ಲಿ ಖರ್ಚಾಯಿತು.

ಪಕ್ಕದ ಕೇರಳದಲ್ಲಿ ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. 2008ರ ಉಪಶಾಮಕ ಆರೈಕೆ ನೀತಿಯ ನಂತರ ಅಲ್ಲಿಯ ಪಂಚಾಯಿತಿಗಳು ತಮ್ಮ ಯೋಜನೆಯಲ್ಲೇ ಹಣವಿಟ್ಟು, ಹಾಸಿಗೆ ಹಿಡಿದವರ ಮನೆಗೆ ನರ್ಸ್ ಕಳುಹಿಸತೊಡಗಿದವು. ಗಾಯ ತೊಳೆಯುವುದು, ಮೂತ್ರದ ನಳಿಕೆ ಬದಲಿಸುವುದು, ಮನೆಯವರಿಗೆ ಆರೈಕೆ ಕಲಿಸುವುದು ಅವರ ಕೆಲಸ. ಪಂಚಾಯಿತಿ ಮನಸ್ಸು ಮಾಡಿದರೆ ಎಷ್ಟು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಪಂಚಾಯಿತಿಯ ಪಾಲು

ಮಾಸಾಶನ ಕೊಡುವುದು ಕಂದಾಯ ಇಲಾಖೆ. ಅರ್ಜಿ ನಾಡಕಚೇರಿಗೆ, ಮಂಜೂರಾತಿ ತಾಲ್ಲೂಕು ಕಚೇರಿಯಿಂದ. ಆದರೆ ಗ್ರಾಮ ಪಂಚಾಯಿತಿಯ ಬಜೆಟ್ಟಿನಲ್ಲೂ ನಮ್ಮವರಿಗೆ ಒಂದು ಪಾಲಿದೆ. ಪಂಚಾಯಿತಿಗಳು ತಮ್ಮ ಸಂಪನ್ಮೂಲದ ಶೇಕಡಾ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ಮೊದಲು ಇದು ಶೇಕಡಾ 3 ಇತ್ತು. ಊರುಗೋಲು, ಗಾಲಿಕುರ್ಚಿ, ಶ್ರವಣ ಸಾಧನ, ಚಿಕಿತ್ಸೆಯ ನೆರವು ಇಂಥವನ್ನು ಇದರಿಂದ ಕೇಳಬಹುದು.

ಲಕ್ವ ಹೊಡೆದು ಕೈಕಾಲು ಬಿದ್ದ ವೃದ್ಧರು, ಚಿಕಿತ್ಸೆಯಿಂದ ಸರಿಹೋಗದಷ್ಟು ದೃಷ್ಟಿ ಕಳೆದುಕೊಂಡವರು, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಕೂಡ ಅಂಗವಿಕಲರೇ ಎಂಬುದು ಬಹಳ ಮನೆಗಳಲ್ಲಿ ಹೊಳೆಯುವುದೇ ಇಲ್ಲ. ವೈದ್ಯರ ಮಂಡಳಿ ಪರೀಕ್ಷಿಸಿ ಶೇಕಡಾ 40 ಅಥವಾ ಹೆಚ್ಚು ನ್ಯೂನತೆ ಇದೆಯೆಂದು ಪ್ರಮಾಣಪತ್ರ ಕೊಟ್ಟರೆ ಅವರು ನೆರವಿಗೆ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುವುದೇ ಇಂಥ ಕೆಲಸಕ್ಕೆ. ಅವರನ್ನು ವಿಚಾರಿಸಿ.

ಒಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕು. ಪಂಚಾಯಿತಿಯ ಸ್ವಂತ ಆದಾಯ ಎಂದರೆ ಹೆಚ್ಚಾಗಿ ಮನೆ ಕಂದಾಯ ಮತ್ತು ನೀರಿನ ತೆರಿಗೆ. ಅದು ವಸೂಲಾಗದಿದ್ದರೆ ಅದರ ಶೇಕಡಾ 5 ಕೂಡ ಸಣ್ಣದಾಗುತ್ತದೆ. ನೂರು ರೂಪಾಯಿ ಬಾಕಿ ಉಳಿಸಿಕೊಂಡಾಗ ಅದರಲ್ಲಿ ಐದು ರೂಪಾಯಿ ಯಾರದೋ ಊರುಗೋಲಿನದು. ಈ ಕಡಿತಕ್ಕೆ ದೆಹಲಿಯನ್ನು ದೂರಿ ಪ್ರಯೋಜನವಿಲ್ಲ.

ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪದ ಮಾತೇ ಹೆಚ್ಚು. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಕಳೆದ ವರ್ಷ ಶೇಕಡಾ 5ರ ಹಣ ಎಷ್ಟಿತ್ತು? ಯಾವುದಕ್ಕೆ ಖರ್ಚಾಯಿತು? ಊರಿನಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ ಇದ್ದಾರೆ, ಅವರ ಪಟ್ಟಿ ಇದೆಯೇ?

ಮನೆಯವರು ಮಾಡಬೇಕಾದ್ದು

1. ಹಿರಿಯರ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ನೋಡಿ. ಹಿಂದೆ ಮನಿಯಾರ್ಡರ್ ಬಾರದಿದ್ದರೆ ಅಂಚೆಯಣ್ಣನನ್ನೇ ಕೇಳಬಹುದಿತ್ತು. ಈಗ ಹಣ ನೇರ ಖಾತೆಗೆ ಬರುವುದರಿಂದ ನಿಂತದ್ದೂ ಗೊತ್ತಾಗುವುದಿಲ್ಲ.

2. ಹಣ ನಿಂತಿದ್ದರೆ ಮೊದಲು ನೋಡಬೇಕಾದ್ದು: ಆಧಾರ್‌ನಲ್ಲೂ ಪಾಸ್‌ಬುಕ್ಕಿನಲ್ಲೂ ಹೆಸರು ಒಂದೇ ರೀತಿ ಇದೆಯೇ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಬಹಳ ದಿನ ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿದೆಯೇ. ಇವು ಸರಿಯಿದ್ದರೂ ಹಣ ಬಾರದಿದ್ದರೆ ಮಾಸಾಶನದ ಆದೇಶದ ಪ್ರತಿಯೊಂದಿಗೆ ನಾಡಕಚೇರಿಯಲ್ಲಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

3. ಹಣ ಬರುವವರೆಗೆ ಮಾತ್ರೆ ನಿಲ್ಲಿಸಬೇಡಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. ನಡೆಯಲಾರದವರ ವಿಷಯವನ್ನು ಆಶಾ ಕಾರ್ಯಕರ್ತೆಗೆ ತಿಳಿಸಿ. ಮನೆಮನೆಗೆ ಹೋಗಿ ಈ ಕಾಯಿಲೆಗಳನ್ನು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭಿಸಿತು. ಕೊಳ್ಳಲೇಬೇಕಾದ ಔಷಧಿಯನ್ನು ಜನೌಷಧಿ ಮಳಿಗೆಯಲ್ಲಿ ವಿಚಾರಿಸಿ, ಬೆಲೆ ಬಹಳ ಕಡಿಮೆ. ಯಾವ ಮಾತ್ರೆ ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದನ್ನು ವೈದ್ಯರೇ ಹೇಳಲಿ.

4. ದಿನಕ್ಕೆ ಒಂದು ಹೊತ್ತಾದರೂ ಹುರುಳಿ, ಹೆಸರುಕಾಳು ಅಥವಾ ಅವರೆಯ ಸಾರು ಗಟ್ಟಿಯಾಗಿರಲಿ. ತಿನ್ನುವವರಿಗೆ ಒಂದು ಮೊಟ್ಟೆ. ಹಲ್ಲಿಲ್ಲದವರಿಗೆ ಕಾಳನ್ನು ಮಸೆದು ಕೊಡಿ. ಉಪ್ಪು ದಿನಕ್ಕೆ ಒಂದು ಟೀ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕಕ್ಕೇ ಸೇರಿದ್ದು. ಮೂತ್ರಪಿಂಡದ ಕಾಯಿಲೆ ಇರುವವರು ಊಟ ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು.

5. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನು, ಸೊಂಟ, ಹಿಮ್ಮಡಿ ದಿನಾ ನೋಡಿ. ಚರ್ಮ ಕೆಂಪಾಗಿ, ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಗುರುತು. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ತಿಕ್ಕಬೇಡಿ.

6. ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುನ್ನ ಸ್ಕ್ಯಾನ್ ಆಗಬೇಕು. ಆದ್ದರಿಂದ ಬೆಳಗಾಗಲಿ ಎಂದು ಕಾಯಬೇಡಿ; ಲಕ್ವಕ್ಕೆ ನಾಟಿ ಎಣ್ಣೆ ಹುಡುಕಿಕೊಂಡು ಹೊರಡಬೇಡಿ.

7. ಮಕ್ಕಳು ನೋಡಿಕೊಳ್ಳದೆ ಕೈಬಿಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆಯಡಿ ಉಪವಿಭಾಗಾಧಿಕಾರಿಗಳ ಬಳಿ ಜೀವನಾಂಶ ಕೇಳಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

ಊರಿನಿಂದ ದೂರ ಇರುವ ಮಕ್ಕಳಿಗೆ ಒಂದು ಕಿವಿಮಾತು. ಫೋನಿನಲ್ಲಿ "ಚೆನ್ನಾಗಿದ್ದೀರಾ?" ಎಂದು ಕೇಳಿದರೆ ಹಿರಿಯರು "ಚೆನ್ನಾಗಿದ್ದೀವಪ್ಪ" ಎಂದೇ ಹೇಳುತ್ತಾರೆ. ಬದಲಿಗೆ ಹೀಗೆ ಕೇಳಿ: "ಮಾತ್ರೆ ಇನ್ನು ಎಷ್ಟು ದಿನಕ್ಕಿದೆ? ಈ ತಿಂಗಳ ಪೆನ್ಷನ್ ಬಂತಾ? ರಾತ್ರಿ ಏನು ಊಟ ಮಾಡಿದಿರಿ?" ಈ ಮೂರು ಪ್ರಶ್ನೆಗಳ ಉತ್ತರ ಸರಿಯಿದ್ದರೆ ಎಷ್ಟೋ ಅನಾಹುತಗಳನ್ನು ಮೊದಲೇ ತಡೆಯಬಹುದು.