ಎಂಜಿನ್ ನಿಂತ ಮೇಲೆ ಉಳಿಯುವ ನಾಲ್ಕು ನಿಮಿಷ

ಒಂದೇ ಎಂಜಿನ್ನಿನ ಪುಟ್ಟ ವಿಮಾನ ನೆಲದಿಂದ ಮೂರು ಸಾವಿರ ಅಡಿ ಮೇಲೆ ಹಾರುತ್ತಿದೆ. ಎಂಜಿನ್ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಇನ್ನೇನು, ವಿಮಾನ ಧೊಪ್ಪನೆ ಕೆಳಗೆ ಬಿತ್ತು ಎಂದೇ ಹೆಚ್ಚಿನವರು ಎಣಿಸುತ್ತಾರೆ. ಹಾಗೆ ಬೀಳುವುದಿಲ್ಲ. ರೆಕ್ಕೆಯ ಮೇಲೂ ಕೆಳಗೂ ಗಾಳಿ ಹರಿಯುತ್ತಿರುವಷ್ಟು ಹೊತ್ತು ರೆಕ್ಕೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮೂತಿಯನ್ನು ತುಸು ತಗ್ಗಿಸಿದರೆ ಸಾಕು, ಎಂಜಿನ್ ಎಳೆಯುತ್ತಿದ್ದ ಕಡೆಗೆ ಈಗ ಗುರುತ್ವ ಎಳೆಯುತ್ತದೆ. ಕೈಯಲ್ಲಿರುವ ಎತ್ತರವನ್ನು ಖರ್ಚು ಮಾಡುತ್ತಾ ವೇಗ ಉಳಿಸಿಕೊಳ್ಳಬಹುದು.

ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ಸೆಸ್ನಾ 172 ವಿಮಾನದ ಲೆಕ್ಕ ನೋಡೋಣ. 1955ರಲ್ಲಿ ಮೊದಲು ಹಾರಿದ, ಇದುವರೆಗೆ 44,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ನಾಲ್ಕು ಸೀಟಿನ ವಿಮಾನ ಇದು. ಎಂಜಿನ್ ಇಲ್ಲದೆ ಇದು ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಹೋಗಿರುತ್ತದೆ. ಅದಕ್ಕೆ 65 ನಾಟ್, ಅಂದರೆ ಗಂಟೆಗೆ ಸುಮಾರು 120 ಕಿ.ಮೀ. ವೇಗವನ್ನು ಕಾಯ್ದುಕೊಳ್ಳಬೇಕು. ಮೂರು ಸಾವಿರ ಅಡಿಯಿಂದ ಎಂಟು ಕಿ.ಮೀ. ದೂರದವರೆಗೆ ತೇಲಬಹುದು, ಕೈಯಲ್ಲಿ ನಾಲ್ಕು ನಿಮಿಷ ಸಿಗುತ್ತದೆ. ವೇಗ ಹೆಚ್ಚಾದರೂ ನಷ್ಟ, ಕಡಿಮೆಯಾದರೂ ನಷ್ಟ. ತೀರಾ ಕಡಿಮೆಯಾದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ಸ್ಟಾಲ್ ಆಗುತ್ತದೆ. ವಿಮಾನ ನಿಜವಾಗಿ ಬೀಳುವುದು ಆಗ.

ಎಂಜಿನ್ ಯಾಕೆ ನಿಲ್ಲುತ್ತದೆ? ಒಳಗಿನ ಲೋಹ ಮುರಿದೇ ನಿಲ್ಲಬೇಕೆಂದಿಲ್ಲ. ಇಂಧನ ಮುಗಿದಿರಬಹುದು, ಇಂಧನದಲ್ಲಿ ನೀರು ಸೇರಿರಬಹುದು. ಪೈಪರ್ ಚೆರೋಕಿಯಂಥ ವಿಮಾನದಲ್ಲಿ ಎಡ ರೆಕ್ಕೆಯ ಟ್ಯಾಂಕ್, ಬಲ ರೆಕ್ಕೆಯ ಟ್ಯಾಂಕ್ ಎಂದು ಆಯ್ಕೆ ಮಾಡುವ ತಿರುಗುಗುಂಡಿ ಇರುತ್ತದೆ; ಎರಡರಿಂದಲೂ ಒಟ್ಟಿಗೆ ಇಂಧನ ಬರುವ ವ್ಯವಸ್ಥೆ ಅದರಲ್ಲಿಲ್ಲ. ಒಂದು ಟ್ಯಾಂಕ್ ಬರಿದಾಗಿ ಎಂಜಿನ್ ನಿಂತು, ಇನ್ನೊಂದು ಟ್ಯಾಂಕ್ ತುಂಬಿದ್ದರೂ ಹೊಲಕ್ಕಿಳಿದ ವಿಮಾನಗಳಿವೆ. ಗುಂಡಿ ತಿರುಗಿಸಿದೊಡನೆ ಎಂಜಿನ್ ಮತ್ತೆ ಗುಡುಗಿದ ಅನುಭವವನ್ನು ಹೇಳುವ ಪೈಲಟ್‌ಗಳೂ ಇದ್ದಾರೆ.

ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸುವುದು ಕಾರ್ಬುರೇಟರ್‌ನಲ್ಲಿ ಕಟ್ಟುವ ಮಂಜುಗಡ್ಡೆ. ಹೊರಗೆ 20 ಡಿಗ್ರಿ ಸೆಲ್ಸಿಯಸ್, ಹಿಮದ ಸುಳಿವೂ ಇಲ್ಲ. ಆದರೆ ಕಾರ್ಬುರೇಟರ್‌ನ ಕಿರಿದಾದ ಕೊರಳಿನಲ್ಲಿ ಗಾಳಿಯ ಒತ್ತಡ ಕುಸಿಯುತ್ತದೆ, ಪೆಟ್ರೋಲ್ ಆವಿಯಾಗುತ್ತಾ ಶಾಖವನ್ನು ಹೀರಿಕೊಳ್ಳುತ್ತದೆ. ಎರಡೂ ಸೇರಿ ಅಲ್ಲಿನ ಉಷ್ಣತೆ 30 ಡಿಗ್ರಿಗೂ ಹೆಚ್ಚು ಇಳಿಯಬಹುದು. ಗಾಳಿಯಲ್ಲಿ ತೇವವಿದ್ದರೆ ಅದು ಅಲ್ಲೇ ಹೆಪ್ಪುಗಟ್ಟಿ, ಎಂಜಿನ್‌ನ ಉಸಿರುದಾರಿಯನ್ನು ಒಂದೊಂದೇ ಪದರವಾಗಿ ಮುಚ್ಚುತ್ತಾ ಹೋಗುತ್ತದೆ. ಮದ್ದು ಪೈಲಟ್‌ನ ಕೈಗೆಟಕುವಂತೆಯೇ ಇದೆ: ಒಂದು ಗುಂಡಿ ಎಳೆದರೆ ಹೊಗೆಕೊಳವೆಯ ಪಕ್ಕದಲ್ಲಿ ಕಾದ ಬಿಸಿಗಾಳಿ ಕಾರ್ಬುರೇಟರ್‌ಗೆ ನುಗ್ಗುತ್ತದೆ. ಆದರೆ ಗುಂಡಿ ಎಳೆದ ಕೂಡಲೇ ಎಂಜಿನ್ ಸುಧಾರಿಸುವುದಿಲ್ಲ, ಇನ್ನಷ್ಟು ಕೆಮ್ಮುತ್ತದೆ. ಕರಗಿದ ಮಂಜು ನೀರಾಗಿ ಸಿಲಿಂಡರ್‌ಗಳ ಒಳಗೆ ಹೋಗುತ್ತಿರುತ್ತದೆ. ಆ ಸದ್ದಿಗೆ ಹೆದರಿ ಗುಂಡಿಯನ್ನು ವಾಪಸ್ ತಳ್ಳಿಬಿಟ್ಟರೆ ಗಡ್ಡೆ ಪುನಃ ಕಟ್ಟಲು ಶುರು. ಎಂಜಿನ್ ಒದ್ದಾಡುತ್ತಿದ್ದರೂ ಕೈ ಹಿಂದೆಗೆಯದೆ ಅರ್ಧ ನಿಮಿಷ ತಾಳುವುದು ಎಷ್ಟು ಕಷ್ಟ ಎಂಬುದು ಅಲ್ಲಿ ಕುಳಿತವರಿಗೇ ಗೊತ್ತು.

ಎಂಜಿನ್ ನಿಂತ ಮೊದಲ ಕೆಲವು ಸೆಕೆಂಡು ಏನೂ ಮಾಡದೆ ಕೂತುಬಿಟ್ಟೆವು ಎಂದು ಇಂಥ ಗಳಿಗೆ ದಾಟಿ ಬಂದ ಅನೇಕ ಪೈಲಟ್‌ಗಳು ಹೇಳುತ್ತಾರೆ. ಆದದ್ದನ್ನು ಮನಸ್ಸು ನಂಬಲು ಒಪ್ಪುವುದಿಲ್ಲ. ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಹೊರತಂದಿರುವ ಪೈಲಟ್ ಕೈಪಿಡಿ ಇದನ್ನು ಮೊದಲನೆಯ ಅಪಾಯವೆಂದು ಗುರುತಿಸುತ್ತದೆ: ತುರ್ತುಸ್ಥಿತಿ ಬಂದಿದೆ ಎಂದು ಒಪ್ಪಿಕೊಳ್ಳದಿರುವುದು. ಎರಡನೆಯದು ವಿಮಾನವನ್ನು ಉಳಿಸಿಕೊಳ್ಳುವ ಆಸೆ. ಮೂರನೆಯದು ಗಾಯವಾದೀತೆಂಬ ಅತಿಯಾದ ಭಯ. ಈ ಮೂರರಲ್ಲಿ ಎರಡನೆಯದೇ ಹೆಚ್ಚು ಜೀವ ತೆಗೆಯುವಂಥದ್ದು ಎಂದು ನನ್ನ ಅನಿಸಿಕೆ. ಅದು ಮೇಲ್ನೋಟಕ್ಕೆ ಜವಾಬ್ದಾರಿಯಂತೆ ಕಾಣುತ್ತದೆ, ಅದಕ್ಕೇ ಮೋಸ ಮಾಡುತ್ತದೆ. ಗೀರೂ ಬೀಳದಂತೆ ವಿಮಾನವನ್ನು ರನ್‌ವೇಗೆ ಮುಟ್ಟಿಸಬೇಕೆಂಬ ಹಟದಲ್ಲಿ ಪೈಲಟ್ ಕೈಗೆಟಕುವ ಹೊಲವನ್ನು ಬಿಟ್ಟು ಎಟಕದ ನಿಲ್ದಾಣದ ಕಡೆ ಮೂತಿ ಎತ್ತುತ್ತಾನೆ. ಮೂತಿ ಎತ್ತಿದಷ್ಟೂ ವೇಗ ಕುಸಿಯುತ್ತದೆ.

ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಎಂಜಿನ್ ಕೈಕೊಟ್ಟರಂತೂ ಈ ಸೆಳೆತ ವಿಪರೀತ, ರನ್‌ವೇ ಬೆನ್ನ ಹಿಂದೆಯೇ ಇರುತ್ತದೆ. ಆದರೆ ಹಿಂತಿರುಗಲು ಅರ್ಧ ಸುತ್ತು ಸಾಲದು. ತಿರುಗುವಷ್ಟರಲ್ಲಿ ವಿಮಾನ ರನ್‌ವೇಯ ನೇರದಿಂದ ಪಕ್ಕಕ್ಕೆ ಸರಿದಿರುತ್ತದೆ, ಮತ್ತೆ ನೇರಕ್ಕೆ ಬರಲು ಇನ್ನಷ್ಟು ತಿರುಗಬೇಕು. ಬೇಗ ತಿರುಗಲೆಂದು ರೆಕ್ಕೆಯನ್ನು 45 ಡಿಗ್ರಿ ವಾಲಿಸಿದರೆ ಸ್ಟಾಲ್ ಆಗುವ ವೇಗ ಶೇ 19ರಷ್ಟು ಏರುತ್ತದೆ, 60 ಡಿಗ್ರಿ ವಾಲಿಸಿದರೆ ಶೇ 41ರಷ್ಟು. ನೆಲ ಹತ್ತಿರ ಬರುತ್ತಿರುವುದನ್ನು ಕಂಡು ಕೈ ತಾನಾಗಿ ನಿಯಂತ್ರಣ ಕೋಲನ್ನು ಹಿಂದಕ್ಕೆಳೆಯುತ್ತದೆ. ಒಂದು ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಸುರುಳಿ ಸುತ್ತಿದರೆ ಆ ಎತ್ತರದಲ್ಲಿ ಸರಿಪಡಿಸಲು ಜಾಗವೇ ಇಲ್ಲ. ಆದ್ದರಿಂದಲೇ ಶಿಕ್ಷಕರು ಮತ್ತೆ ಮತ್ತೆ ಹೇಳುವುದು: ಕೆಳಮಟ್ಟದಲ್ಲಿದ್ದರೆ ಮುಂದೆ ಕಾಣುವ ಜಾಗಕ್ಕೇ ಇಳಿಸು.

2015ರ ಮಾರ್ಚ್ 5ರಂದು ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಎದುರಿಸಿದ್ದು ಇದೇ ಪ್ರಶ್ನೆಯನ್ನು. ಎರಡನೆಯ ಮಹಾಯುದ್ಧ ಕಾಲದ ರಾಯನ್ ಪಿಟಿ-22 ತರಬೇತಿ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ಅವರು ಒಬ್ಬರೇ ಹೊರಟಿದ್ದರು. ಸುಮಾರು 1,100 ಅಡಿಗೆ ಏರಿದಾಗ ಎಂಜಿನ್ ಸತ್ವ ಕಳೆದುಕೊಂಡಿತು. ವಾಪಸ್ ಬರುತ್ತೇನೆಂದು ನಿಯಂತ್ರಣ ಗೋಪುರಕ್ಕೆ ತಿಳಿಸಿ ತಿರುಗಿದರು. ತೆರೆದ ಕಾಕ್‌ಪಿಟ್, ರೆಕ್ಕೆಗೆ ಬಿಗಿದ ತಂತಿಗಳು. ಗಾಳಿಯ ತಡೆ ಹೆಚ್ಚಿರುವ ಈ ಹಳೆಯ ವಿಮಾನ ಸೆಸ್ನಾದಷ್ಟು ದೂರ ತೇಲುವುದಿಲ್ಲ. ರನ್‌ವೇ ಮುಟ್ಟಲಾಗದು ಎಂದು ಅರಿವಾದಾಗ ಅವರು ಪಕ್ಕದ ಪೆನ್ಮಾರ್ ಗಾಲ್ಫ್ ಮೈದಾನದ ಬಯಲನ್ನು ಆರಿಸಿಕೊಂಡರು. ಮರವೊಂದರ ತುದಿ ತಾಗಿಸಿಕೊಂಡು ವಿಮಾನ ಹುಲ್ಲಿನ ಮೇಲೆ ಬಿತ್ತು. ಮೂಳೆಗಳು ಮುರಿದವು, ಜೀವ ಉಳಿಯಿತು. ಆಗ ಅವರಿಗೆ 72 ವರ್ಷ.

ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿಯ ತನಿಖೆಯಲ್ಲಿ ಎರಡು ಸಂಗತಿ ಹೊರಬಂದವು. ಕಾರ್ಬುರೇಟರ್ ಒಳಗೆ ಇಂಧನವನ್ನು ಅಳೆದು ಬಿಡುವ ಪುಟ್ಟ ಜೆಟ್ ತನ್ನ ತಿರುಪಿನಿಂದ ಸಡಿಲಗೊಂಡು ಕಳಚಿತ್ತು. ಎಂಜಿನ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ನುಗ್ಗಿತ್ತು. ಎರಡನೆಯದು, ಹೆಗಲಪಟ್ಟಿಯನ್ನು ಸರಿಯಾಗಿ ಜೋಡಿಸಿರಲಿಲ್ಲ. ಗಾಯ ತೀವ್ರವಾಗಲು ಅದೂ ಕಾರಣವಾಯಿತು. ಇಳಿಯುವ ಕೌಶಲದ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಹೆಗಲಪಟ್ಟಿಯ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ಹೊಲಕ್ಕೆ ಇಳಿಯುವ ವಿಮಾನದಲ್ಲಿ ಅದರಷ್ಟು ಬೆಲೆಬಾಳುವ ಭಾಗ ಮತ್ತೊಂದಿಲ್ಲ.

ಯಾಕೆಂದರೆ ಮನುಷ್ಯನನ್ನು ಕೊಲ್ಲುವುದು ವೇಗಕ್ಕಿಂತ ಹೆಚ್ಚಾಗಿ, ಆ ವೇಗ ಎಷ್ಟು ಗಿಡ್ಡ ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದ ವಿಮಾನ ಮೂರು ಮೀಟರ್ ದೂರದಲ್ಲಿ ಒಂದೇ ಸಮನಾಗಿ ನಿಂತರೆ ಒಳಗಿದ್ದವರ ಮೇಲೆ ಗುರುತ್ವದ ಸುಮಾರು ಎಂಟೂವರೆ ಪಟ್ಟಿನಷ್ಟು ಬಲ ಬೀಳುತ್ತದೆ. ಪಟ್ಟಿ ಬಿಗಿದುಕೊಂಡ ದೇಹ ಅದನ್ನು ತಾಳಿಕೊಳ್ಳಬಲ್ಲದು. ವೇಗ ಇಮ್ಮಡಿಯಾದರೆ ಬೇಕಾಗುವ ದೂರ ನಾಲ್ಕು ಪಟ್ಟು. ಗಾಳಿಗೆ ಎದುರಾಗಿ ಇಳಿಯಿರಿ ಎಂಬ ಮಾತಿನ ಹಿಂದಿರುವುದೂ ಇದೇ ಗಣಿತ. 40 ನಾಟ್ ವೇಗದಲ್ಲಿ ಇಳಿಯುವ ವಿಮಾನಕ್ಕೆ 15 ನಾಟ್ ಗಾಳಿ ಎದುರಿದ್ದರೆ ನೆಲದ ಮೇಲಿನ ವೇಗ 25, ಬೆನ್ನಿಗಿದ್ದರೆ 55. ಈ ಎರಡರ ನಡುವೆ ಹೊಡೆತದ ಶಕ್ತಿ ಸುಮಾರು ಐದು ಪಟ್ಟು ಹೆಚ್ಚುತ್ತದೆ. ದಿಕ್ಕು ತಪ್ಪಿದರೆ ಎಷ್ಟು ಒಳ್ಳೆಯ ಹೊಲವೂ ಕೆಟ್ಟ ಹೊಲವೇ.

ಹೊಲದ ಆಯ್ಕೆಗೂ ಪೈಲಟ್‌ಗಳದೇ ಆದ ಕಣ್ಣಿದೆ. ವಿದ್ಯುತ್ ತಂತಿ ಮೇಲಿನಿಂದ ಕಾಣುವುದೇ ಇಲ್ಲ, ಆದ್ದರಿಂದ ಅವರು ಕಂಬಗಳನ್ನು ಹುಡುಕುತ್ತಾರೆ; ಎರಡು ಕಂಬ ಕಂಡರೆ ನಡುವೆ ತಂತಿ ಇದ್ದೇ ಇದೆ ಎಂದು ಲೆಕ್ಕ. ಉತ್ತ ಹೊಲವಾದರೆ ನೇಗಿಲಸಾಲಿನ ಉದ್ದಕ್ಕೇ ಇಳಿಯಬೇಕು, ಅಡ್ಡಡ್ಡ ಇಳಿದರೆ ಮುಂಗಾಲಿ ಸಿಕ್ಕಿ ವಿಮಾನ ಮಗುಚುತ್ತದೆ. ರಸ್ತೆ ನುಣುಪಾಗಿ ಕಂಡರೂ ವಾಹನ, ಕಂಬ, ಫಲಕಗಳಿಂದ ತುಂಬಿರುತ್ತದೆ. ಕಾಡೇ ಗತಿಯಾದರೆ ಒತ್ತೊತ್ತಾಗಿ ಬೆಳೆದ ಗಿಡ್ಡ ಮರಗಳ ತಲೆಯ ಮೇಲೆ, ಮೂತಿ ಎತ್ತಿ, ಆದಷ್ಟು ಕಡಿಮೆ ವೇಗದಲ್ಲಿ ವಿಮಾನವನ್ನು ಕೂರಿಸಬೇಕು. ರೆಕ್ಕೆಗಳು ಮುರಿಯಲಿ, ಚಕ್ರಗಳು ಕಿತ್ತುಹೋಗಲಿ. ಮುರಿಯುವ ಒಂದೊಂದು ಭಾಗವೂ ಹೊಡೆತದಲ್ಲಿ ತನ್ನ ಪಾಲನ್ನು ಹೀರಿಕೊಂಡು ಒಳಗಿನವರನ್ನು ಕಾಪಾಡುತ್ತದೆ. ನೆಲ ಮುಟ್ಟುವ ಮುನ್ನ ಬಾಗಿಲನ್ನು ಸ್ವಲ್ಪ ತೆರೆದಿಡುವುದನ್ನೂ ಕಲಿಸುತ್ತಾರೆ. ಒಡಲು ತಿರುಚಿಕೊಂಡರೆ ಮುಚ್ಚಿದ ಬಾಗಿಲು ಆಮೇಲೆ ತೆರೆಯದೇ ಹೋಗಬಹುದು.

ಇದೆಲ್ಲ ದೂರದ ದೇಶದ ಸುದ್ದಿಯೇನಲ್ಲ. 2023ರ ಮೇ ತಿಂಗಳ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ ಎರಡು ಸೀಟಿನ ತರಬೇತಿ ವಿಮಾನ ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳದ ಹೊಲಕ್ಕಿಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಶುರುವಾದ ಬೆಂಗಳೂರಿನ ಜಕ್ಕೂರು ತರಬೇತಿ ಶಾಲೆಯ ಸುತ್ತ ಹಿಂದೆ ಬಯಲಿತ್ತು, ಈಗ ಕಟ್ಟಡಗಳು, ಮೇಲ್ಸೇತುವೆ. ಊರು ಬೆಳೆದಂತೆ ಪೈಲಟ್‌ನ ಹೊಲ ಕರಗುತ್ತದೆ.

ಎಲ್ಲ ಶಾಲೆಗಳಲ್ಲೂ ಶಿಕ್ಷಕರು ಥ್ರಾಟಲ್ ಹಿಂದಕ್ಕೆಳೆದು ‘ಎಂಜಿನ್ ಹೋಯಿತು’ ಎನ್ನುವ ಅಭ್ಯಾಸ ಮಾಡಿಸುತ್ತಾರೆ. ಆದರೆ ಅಭ್ಯಾಸದಲ್ಲಿ ಎಂಜಿನ್ ನಿಧಾನವಾಗಿಯಾದರೂ ಓಡುತ್ತಿರುತ್ತದೆ. ನಿಜವಾಗಿ ಸತ್ತ ಎಂಜಿನ್‌ನ ಪ್ರೊಪೆಲರನ್ನು ಗಾಳಿಯೇ ತಿರುಗಿಸಬೇಕು, ಅದಕ್ಕೆ ಬೇಕಾದ ಶಕ್ತಿಯನ್ನು ವಿಮಾನದ ಎತ್ತರದಿಂದಲೇ ಕಸಿಯುತ್ತದೆ. ಹಾಗಾಗಿ ನಿಜವಾದ ಇಳಿತ ಅಭ್ಯಾಸಕ್ಕಿಂತ ಕಡಿದು. ಇದನ್ನು ವಿದ್ಯಾರ್ಥಿಗಳಿಗೆ ಬಾಯಿಬಿಟ್ಟು ಹೇಳಲೇಬೇಕು. ಕೊನೆಯ ಬೇಲಿ ದಾಟುವುದೋ ಬಿಡುವುದೋ ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ಇತ್ತೀಚೆಗೆ ಇನ್ನೊಂದು ದಾರಿಯೂ ತೆರೆದಿದೆ. ಸಿರಸ್ ಕಂಪನಿಯ ವಿಮಾನಗಳಲ್ಲಿ ಇಡೀ ವಿಮಾನಕ್ಕೇ ಪ್ಯಾರಾಚೂಟ್ ಇರುತ್ತದೆ. ತಲೆಯ ಮೇಲಿನ ಹಿಡಿಕೆ ಎಳೆದರೆ ಸಣ್ಣ ರಾಕೆಟ್ ಅದನ್ನು ಹೊರಗೆಳೆದು ಬಿಚ್ಚಿಸುತ್ತದೆ. ವಿಮಾನ ನಿಮಿಷಕ್ಕೆ ಸುಮಾರು 1,700 ಅಡಿಯಂತೆ ಇಳಿದು, ನಾಲ್ಕು ಮೀಟರ್ ಎತ್ತರದಿಂದ ಬಿದ್ದಷ್ಟು ಜೋರಾಗಿ ನೆಲ ಮುಟ್ಟುತ್ತದೆ. ವಿಮಾನದ ಚಕ್ರಗಳ ಕಾಲುಗಳೂ ಸೀಟುಗಳೂ ಆ ಪೆಟ್ಟನ್ನು ಹೀರಿಕೊಳ್ಳುತ್ತವೆ. 2002ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಇದು ಮೊದಲ ಬಾರಿ ಒಬ್ಬ ಪೈಲಟ್‌ನನ್ನು ಉಳಿಸಿತು, ಆಮೇಲೆ 200ಕ್ಕೂ ಹೆಚ್ಚು ಜನ ಬದುಕಿದ್ದಾರೆ. ಆದರೆ ಇಲ್ಲೂ ಅಡ್ಡ ಬಂದದ್ದು ಅದೇ ಆಸೆ. ಪ್ಯಾರಾಚೂಟ್ ಬಿಚ್ಚಿದರೆ ವಿಮಾನ ಹಾಳಾಗುತ್ತದೆಂದು ಹಿಡಿಕೆ ಮುಟ್ಟದೆ ತಡಮಾಡಿದವರು ಸತ್ತರು. ಆದ್ದರಿಂದ ತರಬೇತಿಯನ್ನೇ ಬದಲಿಸಿದರು. ಈಗ ಟೇಕಾಫ್ ಆಗಿ ಐನೂರೋ ಆರುನೂರೋ ಅಡಿ, ಆಯಾ ಮಾದರಿಗೆ ಗೊತ್ತುಮಾಡಿದ ಎತ್ತರ ದಾಟುವಾಗ ಸಿರಸ್ ಪೈಲಟ್‌ಗಳು ‘ಪ್ಯಾರಾಚೂಟ್ ಸಿದ್ಧ’ ಎಂಬರ್ಥದ ಮಾತನ್ನು ಗಟ್ಟಿಯಾಗಿ ಹೇಳುತ್ತಾರೆ. ಆ ಎತ್ತರದಿಂದ ಎರಡು ಸಾವಿರ ಅಡಿಯವರೆಗೆ ಎಂಜಿನ್ ಕೈಕೊಟ್ಟರೆ ಹೊಲ ಹುಡುಕುತ್ತಾ ಕೂರದೆ ಕೂಡಲೇ ಹಿಡಿಕೆ ಎಳೆಯಬೇಕೆಂಬುದು ಅವರಿಗೆ ಕಲಿಸುವ ಪಾಠ.